ನೀರಿನ ಹಾಲೇಶ

ನನ್ನ ಮೀನು ಮೂರನೆಯ ಸಲ ಒಂದು ಹೆಣ್ಣಿನ ಮೀನಿನ ಬಾಲ ಕಚ್ಚಿದ ದಿನ ನಮ್ಮವ್ವ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅದಕ್ಕೆ ಬುದ್ಧಿ ಹೇಳಿದಳು. "ಏನೋ ನಿಂದು? ಆ ಹುಡುಗಿ ನಿಂಗೇನು ಮಾಡಿದ್ಲೋ? ಮೂರು ಹೊತ್ತು ಉಣ್ಣಾಕೆ ಹಾಕಿ ಸಾಕಿದ್ದು ಇದಕ್ಕೇನಾ?" ಮೀನು ಗಾಜಿನೊಳಗಿಂದ ಅವಳನ್ನೇ ನೋಡಿ ಬಾಯಿ ತೆರೆದು ಮುಚ್ಚಿತು. ಅವ್ವ ನನ್ನ ಕಡೆ ತಿರುಗಿ, "ನೋಡು, ಎದುರು ಬೇರೆ ಮಾತಾಡ್ತಾನೆ," ಅಂದಳು. ಆಗ ನನಗೆ ಮೂವತ್ತೊಂದು. ಅದಾದ ಮೇಲೆ ಹದಿನಾರು ವರ್ಷ ಯಾರೂ ನನಗೆ ಹೆಣ್ಣು ತೋರಿಸಲಿಲ್ಲ.

ನಮ್ಮೂರಲ್ಲಿ ಮಗು ಹುಟ್ಟಿದ ಬೆಳಿಗ್ಗೆ ಆ ಮನೆಯ ಹಂಡೆಯಲ್ಲಿ ಒಂದು ಮೀನು ಬಂದಿರುತ್ತದೆ. ಹೊಕ್ಕುಳ ಬಳ್ಳಿ ಕತ್ತರಿಸಿದ ಮೇಲೆ ಹಂಡೆಗೆ ಕೈಹಾಕಿ ತಡಕುವುದು ಸೂಲಗಿತ್ತಿಯ ಎರಡನೆಯ ಕೆಲಸ. ಮೀನನ್ನು ಎತ್ತಿ ಬೇರೆ ಪಾತ್ರೆಗೆ ಬಿಟ್ಟಮೇಲೆಯೇ ಬಾಣಂತಿಗೆ ನೀರು ಕಾಯಿಸುವುದು. ಮೀನಿಗೆಂದು ಬೇರೆ ಹೆಸರಿಡುವುದಿಲ್ಲ, ಮಗುವಿನದೇ ಹೆಸರು. ಗೊಂದಲವಾಗಬಾರದೆಂದು ಮುಂದೆ 'ನೀರಿನ' ಅಂತ ಸೇರಿಸುತ್ತೇವೆ, ಅಷ್ಟೇ. ಹಾಗಾಗಿ ನನ್ನದು ನೀರಿನ ಹಾಲೇಶ. ದಾರಿಯಲ್ಲಿ ಎದುರಾದವರು "ಇಬ್ರೂ ಆರಾಮಾ?" ಅಂತ ಕೇಳುತ್ತಾರೆ, "ಇಬ್ರೂ ಆರಾಮು" ಅಂತ ಹೇಳಿ ಮುಂದೆ ಹೋಗುತ್ತೇವೆ.

ಮದುವೆಗೆ ನಮ್ಮಲ್ಲಿ ಜಾತಕ ನೋಡುವುದಿಲ್ಲ, ಕೂಡುತೊಟ್ಟಿ ನೋಡುತ್ತೇವೆ. ಗಂಡು ಹೆಣ್ಣಿನ ಮೀನುಗಳನ್ನು ಒಂದೇ ಗಾಜಿನ ತೊಟ್ಟಿಯಲ್ಲಿ ಇಪ್ಪತ್ತೊಂದು ದಿನ ಬಿಡಬೇಕು. ಒಂದನ್ನೊಂದು ಕಚ್ಚಿದರೆ ಸಂಬಂಧ ಇಲ್ಲ. ಬೆನ್ನು ತಿರುಗಿಸಿ ಮೂಲೆ ಹಿಡಿದರೂ ಇಲ್ಲ. ಕೊನೆಯ ದಿನ ದಾನಮ್ಮಜ್ಜಿ ಬಂದು, ತೊಟ್ಟಿಯ ಮುಂದೆ ಮಣೆ ಹಾಕಿಸಿಕೊಂಡು, ಒಂದು ಲೋಟ ಕಾಫಿ ಮುಗಿಯುವ ತನಕ ನೋಡುತ್ತಾಳೆ. "ಆಯ್ತು" ಅಂದರೆ ಮದುವೆ. "ಎತ್ತಿ" ಅಂದರೆ ಅವರವರ ಮೀನು ಅವರವರು ಎತ್ತಿಕೊಂಡು ಮನೆಗೆ ಹೋಗುವುದು. ದಾನಮ್ಮಜ್ಜಿ ನಲವತ್ತು ವರ್ಷದಿಂದ ಈ ಎರಡೇ ಮಾತು ಹೇಳಿಕೊಂಡು ಬಂದಿದ್ದಾಳೆ, ಊರು ಕೇಳಿಕೊಂಡು ಬಂದಿದೆ.

ತಮಾಷೆ ಏನೆಂದರೆ ಊರಿನ ಅಷ್ಟೂ ಕೂಡುತೊಟ್ಟಿಗಳನ್ನು ಮಾಡಿಕೊಡುವವನು ನಾನು. ಕನ್ನಡಿ, ಕಿಟಕಿಯ ಗಾಜು, ಫೋಟೊಗೆ ಕಟ್ಟು ಹಾಕುವ ಅಂಗಡಿ ನಮ್ಮದು, ಅಪ್ಪನ ಕಾಲದ್ದು. ಅಪ್ಪ ಮಾಡುತ್ತಿದ್ದ ತೊಟ್ಟಿಗಳು ಮಸುಕಾಗಿ, ಅಂಚು ಸೊಟ್ಟಗೆ, ನೋಡಿದರೆ ಪಾಪ ಅನ್ನಿಸುವ ಹಾಗಿರುತ್ತಿದ್ದವು. ನನ್ನ ಕೈಗೆ ಕೆಲಸ ಬಂದ ಮೇಲೆ ಅದರ ಗತ್ತೇ ಬೇರೆಯಾಯಿತು. ಗಾಜು ಇದೆಯೋ ಇಲ್ಲವೋ ಗೊತ್ತಾಗಬಾರದು, ಮೀನು ಗಾಳಿಯಲ್ಲೇ ಈಜುತ್ತಿದೆ ಅನ್ನಿಸಬೇಕು, ಹಾಗೆ ಪಾಲಿಶ್ ಮಾಡುತ್ತಿದ್ದೆ. ಮೀನಿನ ಬಣ್ಣ ಎದ್ದು ಕಾಣಲೆಂದು ತೊಟ್ಟಿಯ ಹಿಂಬದಿಗೆ ಕಪ್ಪು ಕಾಗದ ಅಂಟಿಸುವ ಉಪಾಯವೂ ನನ್ನದೇ. ಜನ ಬಂದು ಬೆರಗಾಗಿ ನೋಡುತ್ತಿದ್ದರು, ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಅಪ್ಪನ ಕಾಲದಲ್ಲಿ ಎರಡು ವರ್ಷಕ್ಕೊಂದು ಸಂಬಂಧ ಮುರಿದರೆ ಹೆಚ್ಚು. ನನ್ನ ಕಾಲದಲ್ಲಿ ಅದು ಏರಿತು. ಕಾಲ ಕೆಟ್ಟಿತು, ಈಗಿನ ಹುಡುಗರಿಗೆ ತಾಳ್ಮೆಯಿಲ್ಲ, ಅವರ ಮೀನುಗಳಿಗೂ ಇಲ್ಲ ಎಂದು ಊರವರು ಮಾತಾಡಿಕೊಂಡರು, ನಾನೂ ತಲೆಯಾಡಿಸಿದೆ. ಸಂಬಂಧ ಮುರಿದ ತೊಟ್ಟಿಯನ್ನು ಮನೆಯಲ್ಲಿಟ್ಟುಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ. ನನಗೇ ವಾಪಸು ತಂದು ಕೊಡುತ್ತಿದ್ದರು. ಅಂಗಡಿಯ ಹಿತ್ತಲಲ್ಲಿ, ಸೀಬೆಮರದ ಕೆಳಗೆ, ಹಾಗೆ ಬಂದ ಇಪ್ಪತ್ತಮೂರು ತೊಟ್ಟಿಗಳು ಸಾಲಾಗಿ ಕೂತಿದ್ದವು. ಅದರಲ್ಲಿ ಮೂರು ನನ್ನವೇ. ಒಂದರಲ್ಲಿ ಅವ್ವ ಮಣ್ಣು ತುಂಬಿ ಕೊತ್ತಂಬರಿ ಬೆಳೆಯುತ್ತಿದ್ದಳು.

ನನ್ನ ಇನ್ನೊಂದು ಕೆಟ್ಟ ಚಟವನ್ನೂ ಹೇಳಿಬಿಡುತ್ತೇನೆ. ಕನ್ನಡಿ ಅಂಗಡಿಯಲ್ಲಿ ಕೂತವನಿಗೆ ತನ್ನ ಮುಖದಿಂದ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ. ಬೆಳಿಗ್ಗೆ ಅಲ್ಲೇ ಗಡ್ಡ ಕೆರೆದುಕೊಳ್ಳುವಾಗ ಎದುರಿನವನ ಮೇಲೆ ರೇಗುತ್ತೇನೆ. ನಿನ್ನೆ ಹೇಳಬಾರದಿದ್ದ ಮಾತು, ಅಳತೆ ತಪ್ಪಿದ ಗಾಜು, ಹತ್ತು ವರ್ಷದ ಹಿಂದಿನ ಯಾವುದೋ ಅವಮಾನ, ಎಲ್ಲಕ್ಕೂ ಅವನನ್ನೇ ಹಿಡಿದು ಝಾಡಿಸುತ್ತೇನೆ. ಅವನೂ ಸುಮ್ಮನಿರುವವನಲ್ಲ.

ಹಾಗೆ ಒಂದು ಬೆಳಿಗ್ಗೆ ಅರ್ಧ ಕೆನ್ನೆಗೆ ಸೋಪು ಬಳಿದುಕೊಂಡು ಕಚ್ಚಾಡುತ್ತಿರುವಾಗ ಹಿಂದಿನಿಂದ ಯಾರೋ, "ಗೆದ್ದೋರು ಯಾರು?" ಅಂದರು. ತಿರುಗಿ ನೋಡಿದರೆ ನೀಲಾಂಬಿಕೆ. ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಸ್ಟೌ, ಕುಕ್ಕರು ರಿಪೇರಿ ಅಂಗಡಿ ಅವಳದು. ವಯಸ್ಸು ನಲವತ್ಮೂರು. ಎತ್ತರದ ಹೆಂಗಸು, ಕೈಯ ಮೇಲೆ ಅಲ್ಲಲ್ಲಿ ಸುಟ್ಟ ಕಲೆ, ಮಾತು ನೇರ. ಅಂಗಡಿಯ ಮೇಜಿಗೆ ಗಾಜು ಬೇಕೆಂದು ಬಂದಿದ್ದಳು.

ಗಾಜು ಕೊಯ್ದು ಕೊಟ್ಟೆ. ಅವಳು ಹೋಗಲಿಲ್ಲ. "ನಿಮ್ಮ ಮೀನು ಕಚ್ಚುತ್ತಂತೆ?" ಅಂತ ಕೇಳಿದಳು.

"ಕಚ್ಚುತ್ತೆ," ಅಂದೆ. ಊರಿಗೇ ಗೊತ್ತಿರುವುದನ್ನು ಮುಚ್ಚಿಡುವುದೇನು.

"ನಂದು ಏಳೋದೇ ಇಲ್ಲ ಕಣ್ರೀ. ಇಪ್ಪತ್ತೆರಡನೇ ವಯಸ್ಸಲ್ಲಿ ಒಂದ್ಸಲ ಕೂಡುತೊಟ್ಟಿಗೆ ಬಿಟ್ರು. ಇಪ್ಪತ್ತೊಂದು ದಿನ ತಳದಲ್ಲಿ ಮಲಗೇ ಇತ್ತು. ಆ ಹುಡುಗನ ಮೀನು ಸುತ್ತ ಸುತ್ತಿ ಸುತ್ತಿ ಸೋತು ಸುಣ್ಣ ಆಯ್ತು. ಆಮೇಲೆ ಹಿತ್ತಲ ಸಿಮೆಂಟ್ ತೊಟ್ಟಿಗೆ ಬಿಟ್ಟೆ, ಬೆಳೀತು, ಈಗ ಯಾವ ಗಾಜಿನ ತೊಟ್ಟಿಗೂ ಹಿಡಿಸಲ್ಲ." ಕೊಯ್ದ ಗಾಜಿನ ಅಂಚನ್ನು ಬೆರಳಲ್ಲಿ ಸವರಿ ನೋಡಿದಳು. "ಕಚ್ಚೋದನ್ನೂ ಏಳದೇ ಇರೋದನ್ನೂ ಒಟ್ಟಿಗೆ ಬಿಟ್ರೆ ಏನಾಗುತ್ತೆ ಅಂತ ನೋಡ್ಬೋದಾ?"

ನನಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಒಳಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದ ಅವ್ವನಿಗೆ ಅಷ್ಟು ಹೊತ್ತು ಹಿಡಿಯಲಿಲ್ಲ. ಕಾಫಿ ಲೋಟದ ಸಮೇತ ಹೊರಗೆ ಬಂದೇ ಬಿಟ್ಟಳು. "ಮೊದ್ಲು ಮುಖದ ಸೋಪು ಒರೆಸ್ಕೊಳೋ, ಮಂಗ್ಯಾ," ಅಂದಳು ನನಗೆ.

ಒಪ್ಪಿದ್ದೇನೋ ಆಯಿತು, ತೊಟ್ಟಿ ಎಲ್ಲಿಂದ ತರುವುದು? ನೀರಿನ ಹಾಲೇಶ ಮೊಳದುದ್ದ ಇದ್ದ. ನೀರಿನ ನೀಲಾಂಬಿಕೆಯನ್ನು ನೋಡಲು ಹೋದೆ. ಕಲ್ಲುಹಲಗೆಯ ಬಣ್ಣ, ಮೊಳಕ್ಕಿಂತ ಉದ್ದ, ಗೇಣಿಗಿಂತ ಅಗಲ. ತಳದಲ್ಲಿ ಪವಡಿಸಿ ಒಂದು ಕಣ್ಣಿಂದ ನನ್ನನ್ನು ನೋಡಿ ಪುನಃ ತನ್ನ ಪಾಡಿಗೆ ತಾನಾಯಿತು. ಇವೆರಡಕ್ಕೆ ಕಡಿಮೆಯೆಂದರೂ ಐದಡಿಯ ತೊಟ್ಟಿ ಬೇಕು. ನಮ್ಮೂರಿನ ಘಟ್ಟದ ತಿರುವುಗಳಲ್ಲಿ ಮೂರಡಿಗಿಂತ ಉದ್ದದ ಗಾಜು ಇಡಿಯಾಗಿ ಬಂದ ಉದಾಹರಣೆ ಇಲ್ಲ.

ಅಂಗಡಿಗೆ ಬಂದ ನೀಲಾಂಬಿಕೆ ಹಿತ್ತಲಿಗೆ ಹೋಗಿ ಆ ಇಪ್ಪತ್ತಮೂರು ತೊಟ್ಟಿಗಳ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇಷ್ಟೊಂದು ಗಾಜು ಇಟ್ಕೊಂಡು ಇಲ್ಲ ಅಂತೀರಲ್ಲ!"

"ಅಯ್ಯೋ, ಮುರಿದ ಸಂಬಂಧದ ಗಾಜು ಕಣಮ್ಮ ಅದು! ಅದ್ರಲ್ಲಿ ಯಾರಾದ್ರೂ ಕೂಡುತೊಟ್ಟಿ ಮಾಡ್ತಾರಾ?" ಅವ್ವ ಕೂಗಿಕೊಂಡಳು.

"ಕುಕ್ಕರು ಗಾಳಿ ಬಿಟ್ರೆ ಕುಕ್ಕರನ್ನೇ ಎಸೀತೀವಾ ಅತ್ತೆ? ವಾಷರ್ ಬದಲಾಯಿಸ್ತೀವಿ."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ವಾದಕ್ಕೆ ಸೋತಿದ್ದಲ್ಲ ಅದು. ಎಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಒಬ್ಬಳು ಅವಳನ್ನು ಅತ್ತೆ ಅಂದಿದ್ದಳು. ಕೊತ್ತಂಬರಿ ಇದ್ದ ತೊಟ್ಟಿಯನ್ನು ತಾನೇ ಬರಿದು ಮಾಡಿ, ತೊಳೆದು, ಎಲ್ಲಕ್ಕಿಂತ ಮೊದಲು ತಂದಿಟ್ಟಳು.

ಕೆಲಸ ಶುರುವಾಯಿತು. ಮಧ್ಯಾಹ್ನ ಎರಡು ಗಂಟೆಗೆ ನೀಲಾಂಬಿಕೆ ತನ್ನ ಅಂಗಡಿಯ ಬಾಗಿಲು ಎಳೆದು ಇಲ್ಲಿಗೆ ಬರುತ್ತಿದ್ದಳು, ಸಂಜೆ ಬಸ್ಸುಗಳು ಬರುವ ಹೊತ್ತಿಗೆ ಹೋಗುತ್ತಿದ್ದಳು. ಮೊದಲು ಹಳೆಯ ತೊಟ್ಟಿಗಳನ್ನು ಬಿಡಿಸಬೇಕು. ಗಾಜು ಗಾಜಿನ ನಡುವಿನ ಒಣಗಿದ ಅಂಟಿನೊಳಕ್ಕೆ ತೆಳ್ಳನೆಯ ಬ್ಲೇಡು ತೂರಿಸಿ, ಉಸಿರು ಬಿಗಿಹಿಡಿದು, ಇಂಚಿಂಚೇ ಕೊಯ್ಯುತ್ತ ಹೋಗಬೇಕು. ಅವಸರ ಮಾಡಿದರೆ ಮೂಲೆ ಚಟ್ಟೆಂದು ಹಾರುತ್ತದೆ. ಬಿಡಿಸಿದ ಗಾಜನ್ನು ಅಳೆದು, ಕಟ್ಟರಿನ ಮೂತಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒಂದೇ ಸಲಕ್ಕೆ ಗೀರು ಎಳೆದು, ಮೇಜಿನ ಅಂಚಿಗಿಟ್ಟು ಮುರಿಯಬೇಕು. ಇದು ನನ್ನ ಕೆಲಸ. ಅಂಚು ಕೈ ಕೊಯ್ಯದ ಹಾಗೆ ಕಲ್ಲಿನಿಂದ ಉಜ್ಜುವುದು ಅವಳದು. ಐದಡಿಯ ಗಾಜಿಲ್ಲದ್ದರಿಂದ ಉದ್ದದ ಬದಿಗೆ ಎರಡೆರಡು ತುಂಡು ಜೋಡಿಸಿ, ನಡುವಿನ ಬೆಸುಗೆಯ ಮೇಲೆ ಹೊರಗಿನಿಂದ ಒಂದು ಪಟ್ಟಿ ಗಾಜು ಕೂರಿಸಿದೆವು. ಒಂದು ತುಂಡು ಹಸಿರು ಛಾಯೆ, ಇನ್ನೊಂದು ನೀಲಿ ಛಾಯೆ. ಎಡಬದಿಯದು ನನ್ನ ಎರಡನೆಯ ಸಂಬಂಧ ಮುರಿದ ತೊಟ್ಟಿಯದು. ಹೇಳಿದೆ. "ಯಾರು ಆ ಹುಡುಗಿ?" ಅಂದಳು. ವಾಗ್ದೇವಿ, ಈಗ ಪೇಟೆಯಲ್ಲಿ ಬಟ್ಟೆ ಅಂಗಡಿಯವರ ಹೆಂಡತಿ ಅಂದೆ. "ಗಾಜು ಗಟ್ಟಿಯಾಗೈತೆ," ಅಂದು ಉಜ್ಜತೊಡಗಿದಳು.

ಅಂಟು ಹಾಕಿ, ಮೂರು ದಿನ ಒಣಗಲು ಬಿಟ್ಟು, ನೀರು ತುಂಬಿಸಿದರೆ ಕೆಳಗಿನ ಮೂಲೆಯಿಂದ ತೊಟ್ಟಿಕ್ಕತೊಡಗಿತು. ಇಪ್ಪತ್ತೈದು ವರ್ಷದ ಅನುಭವ ನನ್ನದು, ಮುಖ ಎಲ್ಲಿಡಲಿ? ಅವಳು ಮೊಣಕಾಲೂರಿ ಕೂತು ಬೆರಳಿಂದ ಸವರಿ ನೋಡಿ, "ಹಳೇ ಅಂಟು ಪೂರ್ತಿ ಕೆರೆದಿಲ್ಲ ನೀವು. ಅದರ ಮೇಲೇ ಹೊಸದು ಹಾಕೀರಿ, ಹೆಂಗೆ ಕೂರುತ್ತೆ?" ಅಂದಳು. ಆ ಮೂಲೆ ಬಿಚ್ಚಿ, ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಈ ಸಲ ಅವಳೇ ಅಂಟು ಎಳೆದು, ಸೋಪುನೀರಿನಲ್ಲಿ ಅದ್ದಿದ ಬೆರಳಿಂದ ಒಂದೇ ಗೆರೆಯಲ್ಲಿ ನೇವರಿಸಿದಳು. ಮತ್ತೆ ಸೋರಲಿಲ್ಲ. ಅಂದಿನಿಂದ ನಾನು ಅವಳನ್ನು ನೀಲಾಂಬಿಕೆಯವ್ರೇ ಅನ್ನುವುದು ಬಿಟ್ಟು ನೀಲಾ ಅನ್ನತೊಡಗಿದೆ. ಅವಳು ಆಕ್ಷೇಪಿಸಲಿಲ್ಲ.

ನನ್ನ ಹೊಟ್ಟೆ ಉರಿಸಿದ್ದು ಕಲೆಗಳು. ನಮ್ಮೂರಿನ ನೀರು ಸವಳು. ವರ್ಷಗಟ್ಟಲೆ ಹಿತ್ತಲಲ್ಲಿ ಮಳೆಗೂ ಬಿಸಿಲಿಗೂ ಬಿದ್ದಿದ್ದ ಗಾಜಿನ ಒಳಮೈಯೆಲ್ಲ ಬಿಳಿ ಕರೆಗಟ್ಟಿ ಮಬ್ಬಾಗಿತ್ತು. ನಿಂಬೆಹುಳಿ ಹಾಕಿ ತಿಕ್ಕಿದೆ, ಬೂದಿ ಹಾಕಿ ತಿಕ್ಕಿದೆ, ಹೋಗಲಿಲ್ಲ. ಬ್ಲೇಡಿನಿಂದ ಕೆರೆಯುತ್ತ ಕೂತರೆ ಇನ್ನೂ ಎರಡು ವಾರ ಬೇಕು. ಕಪ್ಪು ಕಾಗದವಾದರೂ ಅಂಟಿಸೋಣವೆಂದೆ. "ಮೀನು ಬಿಡಾಕೋ, ನಾಟಕ ಆಡ್ಸಾಕೋ?" ಅಂದಳು ನೀಲಾ. ಹೀಗೆ ಜನ್ಮದಲ್ಲಿ ಮಾಡಿದ ಅತಿ ಕುರೂಪಿ ತೊಟ್ಟಿ ನನ್ನ ಸ್ವಂತ ಮದುವೆಯದ್ದಾಯಿತು. ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಒಳ್ಳೆಯ ದಿನ ನೋಡಿ ಮೀನು ಬಿಟ್ಟೆವು. ನೀರಿನ ನೀಲಾಂಬಿಕೆ ಆಟೋದಲ್ಲಿ, ಮದುವೆ ಮನೆಯ ದೊಡ್ಡ ಕೊಳದಪ್ಪಲೆಯಲ್ಲಿ, ಮೇಲೆ ಒದ್ದೆ ಸೀರೆ ಹೊದ್ದು ಬಂದಳು. ತೊಟ್ಟಿಗೆ ಬಿಟ್ಟದ್ದೇ ತಳಕ್ಕಿಳಿದು ಮಲಗಿದಳು. ನೀರಿನ ಹಾಲೇಶ ಹುಟ್ಟಿದಾಗಿನಿಂದ ಇದ್ದದ್ದು ಅಪ್ಪ ಮಾಡಿದ ಮಸುಕು ತೊಟ್ಟಿಯಲ್ಲಿ. ಅಲ್ಲಿ ಒಬ್ಬನೇ ಇದ್ದಾಗ ಸಾಧು. ಈಗಲೂ ಸಾಧುವಾಗಿಯೇ ಇದ್ದ. ಒಂದು ದಿನ ಕಳೆಯಿತು, ಎರಡು, ಐದು. ಅವಳ ತಲೆಯ ಮೇಲೆ ಮೆಲ್ಲಗೆ ಸುಳಿದಾಡುತ್ತಾನೆ, ಒಂದು ಹಲ್ಲು ತಾಗಿಸಲಿಲ್ಲ. ಅವ್ವ ತೊಟ್ಟಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಅವರೆಕಾಳು ಸುಲಿಯುತ್ತ ಕಾವಲು ಕೂತಳು. "ಅವನೇನೋ ಸುಧಾರಿಸ್ದ. ಇವಳು ಬೆನ್ನು ತಿರುಗಿಸಿಲ್ಲ, ಸರಿ. ಆದ್ರೆ ಎದ್ದೂ ಇಲ್ವಲ್ಲೋ," ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ನನಗೋ, ಈ ವಯಸ್ಸಿನಲ್ಲಿ ಹೀಗೂ ಆಗುತ್ತದೆಯೇ ಅನ್ನಿಸುವಷ್ಟು ಖುಷಿ. ಮಧ್ಯಾಹ್ನ ಎರಡು ಗಂಟೆ ಯಾವಾಗ ಆಗುತ್ತದೆ ಎಂದು ಗಡಿಯಾರ ನೋಡುತ್ತಿದ್ದೆ. ಕನ್ನಡಿಯವನ ಜೊತೆ ಎರಡು ವಾರ ಮಾತೇ ಬಿಟ್ಟಿದ್ದೆ.

ಸುಮ್ಮನಿರಬೇಕಿತ್ತು. ಹದಿನಾಲ್ಕನೆಯ ದಿನ ಅವ್ವ ಸಂತೆಗೆ ಹೋದಾಗ ನನ್ನ ಕೈ ತುರಿಸತೊಡಗಿತು. ಒಂದು ಊಟದ ತಟ್ಟೆಯಷ್ಟು ಜಾಗ ಕೆರೆದು ನೋಡೋಣ, ಈ ಗಾಜು ಶುಭ್ರವಾಗಿದ್ದರೆ ಹೇಗೆ ಕಾಣುತ್ತಿತ್ತೆಂದು ನೋಡೋಣ, ಅಷ್ಟೇ. ತೋಳು ಮಡಚಿ, ನೀರಿಗೆ ಕೈಯಿಳಿಸಿ, ಹಿಂಬದಿಯ ಗಾಜಿನಲ್ಲಿ ತಟ್ಟೆಯಗಲ ಜಾಗವನ್ನು ಬ್ಲೇಡಿನಿಂದ ಕೆರೆದು ತಿಳಿ ಮಾಡಿದೆ. ಅಷ್ಟಕ್ಕೇ ಬಿಟ್ಟೆನೇ? ಅದರ ಹಿಂದೆ ಅಷ್ಟಗಲದ ಕಪ್ಪು ಕಾಗದವನ್ನೂ ಅಂಟಿಸಿ, ದೂರ ನಿಂತು, ಆಹಾ ಅಂದುಕೊಂಡೆ.

ನೀರಿನ ಹಾಲೇಶ ಸುತ್ತು ಹಾಕುತ್ತ ಅಲ್ಲಿಗೆ ಬಂದ. ನಿಂತ. ಬೆನ್ನಿನ ಮುಳ್ಳುಗಳೆಲ್ಲ ನೆಟ್ಟಗಾದವು. ಮರುಕ್ಷಣ ಆ ಜಾಗಕ್ಕೆ ಮೂತಿ ಹೊಡೆದ ಸದ್ದಿಗೆ ಗಾಜು ಅದುರಿತು. ಹಿಂದೆ ಸರಿದು ಮತ್ತೆ ಹೊಡೆದ, ಮತ್ತೆ. ನೀರಿನ ನೀಲಾಂಬಿಕೆ ಎಲ್ಲೋ ಆಚೆ ಮೂಲೆಯ ತಳದಲ್ಲಿದ್ದಳು. ಇವನ ಎದುರಿಗೆ ಬೇರೆ ಮೀನೇ ಇರಲಿಲ್ಲ. ಇದ್ದದ್ದು ಅವನ ಪ್ರತಿಬಿಂಬವೊಂದೇ.

ನಾನು ಕಾಗದ ಕಿತ್ತು ಹಾಕಿ ನೆಲದ ಮೇಲೆ ಕೂತೆ. ತಿಳಿಗಾಜಿನ ಹಿಂದೆ ಕಪ್ಪು ಇಟ್ಟರೆ ಅದು ಕನ್ನಡಿಯಾಗುತ್ತದೆ ಅಂತ ಈ ಊರಿನಲ್ಲಿ ಯಾರಿಗಾದರೂ ಗೊತ್ತಿರಬೇಕಿತ್ತೆಂದರೆ ಅದು ನನಗೆ. ನನ್ನ ಮೀನು ಮೂರು ಹುಡುಗಿಯರ ಮೀನನ್ನು ಕಚ್ಚಿರಲಿಲ್ಲ. ತನ್ನನ್ನು ತಾನೇ ಕಚ್ಚಲು ಹೋಗಿ ಅಡ್ಡ ಬಂದವರನ್ನು ಕಚ್ಚಿತ್ತು. ನನ್ನವು ಮೂರು ಬಿಡಿ, ಹಿತ್ತಲಿಗೆ ಬಂದವು ಇನ್ನೂ ಇಪ್ಪತ್ತಿದ್ದವಲ್ಲ. ಒಂದೊಂದು ತೊಟ್ಟಿಗೂ ಇಬ್ಬಿಬ್ಬರು. ಅವರವರ ಮುಖ, ಮೀನು ಎತ್ತಿಕೊಂಡು ಹೋಗುವಾಗ ಅವರು ನೆಲ ನೋಡಿಕೊಂಡು ನಡೆದದ್ದು ಎಲ್ಲ ನೆನಪಾಯಿತು. ಅವರೆದುರಿಗೆ ನಾನು ಗಾಜಿನ ಹೊಳಪು ಹೊಗಳಿಸಿಕೊಂಡು ನಿಂತಿದ್ದೆ.

ನೇರ ಬಸ್‌ಸ್ಟ್ಯಾಂಡ್ ರಸ್ತೆಗೆ ಹೋದೆ. ನೀಲಾ ಯಾರದೋ ಕುಕ್ಕರಿನ ಮುಚ್ಚಳ ಹಿಡಿದು ಕೂತಿದ್ದಳು. ಎಲ್ಲ ಹೇಳಿದೆ. ಮೊದಲು ಅವಳು ಬೈದದ್ದು ಗಾಜು ಕೆರೆದದ್ದಕ್ಕೆ. "ಇನ್ನೊಂದು ವಾರ ಕೈ ಕಟ್ಕೊಂಡು ಇರಾಕೆ ಆಗ್ಲಿಲ್ವಾ ನಿಮ್ಗೆ?" ಆಮೇಲೆ ಮುಚ್ಚಳ ಕೆಳಗಿಟ್ಟಳು.

"ಅಜ್ಜಿಗೆ ಹೇಳಿದ್ರೆ ಈ ತೊಟ್ಟಿ ನಡೆಯಲ್ಲ ಅಂದ್ಬಿಡ್ತಾಳೆ. ಮಸುಕು ಗಾಜಿನಲ್ಲಿ ಕಚ್ಚಲಿಲ್ಲ ಅಂದ್ರೆ ಅದೇನು ಕಚ್ಚದೇ ಇದ್ದಂಗಾ ಅಂತಾಳೆ," ಅಂದಳು.

"ಗೊತ್ತು."

"ಹೇಳ್ದೇ ಇದ್ರೆ?"

"ಬರೋ ತಿಂಗಳು ಮದುವೆ."

ಅವಳು ನನ್ನ ಮುಖವನ್ನೇ ನೋಡಿದಳು. ಹೇಳಬೇಡಿ ಅನ್ನಲಿ ಎಂದು ನಾನು ಆ ಗಳಿಗೆಯಲ್ಲಿ ದೇವರನ್ನು ಬೇಡಿಕೊಂಡೆ, ಸುಳ್ಳೇಕೆ ಹೇಳಲಿ. ಅವಳನ್ನು ಬಿಟ್ಟುಕೊಡುವ ಶಕ್ತಿ ನನ್ನಲ್ಲಿರಲಿಲ್ಲ. "ನೀವು ಕನ್ನಡಿ ಮುಂದೆ ನಿಂತ್ಕೊಂಡು ಜಗಳ ಆಡೋ ಆಸಾಮಿ," ಅಂದಳು ನೀಲಾ. "ಇದನ್ನ ನುಂಗಿಕೊಂಡ್ರೆ ಆ ಜಗಳಕ್ಕೆ ಕೊನೆ ಇರುತ್ತಾ? ದಿನಾ ಬೆಳಗೆದ್ದು ಅದನ್ನ ಕೇಳೋಳು ನಾನು. ಹೇಳ್ಬಿಡಿ." ಹೇಳಿ, ಮುಚ್ಚಳ ಎತ್ತಿಕೊಂಡು ಕೆಲಸಕ್ಕೆ ಕೂತಳು. ಹಾಕಿದ ವಾಷರನ್ನೇ ಮತ್ತೆ ಮತ್ತೆ ಬಿಚ್ಚಿ ಹಾಕುತ್ತಿದ್ದುದನ್ನು ಕಂಡು ನನಗೆ ಕಣ್ಣು ತುಂಬಿತು.

ಇಪ್ಪತ್ತೊಂದನೆಯ ದಿನ ದಾನಮ್ಮಜ್ಜಿ ಬಂದಳು. ಮಣೆ ಹಾಕಿ, ಕಾಫಿ ಕೊಟ್ಟು, ಅವಳು ಮೊದಲ ಗುಟುಕು ಎತ್ತುವ ಮುಂಚೆಯೇ ಎಲ್ಲ ಒದರಿಬಿಟ್ಟೆ. ಅವ್ವ ಸೆರಗು ಬಾಯಿಗೊತ್ತಿಕೊಂಡಳು. ಅಜ್ಜಿಯ ಕಾಫಿ ಕೆನೆಗಟ್ಟಿತು.

"ಇಪ್ಪತ್ಮೂರು ಅಂದ್ಯಾ?" ಅಂದಳು ಅಜ್ಜಿ ಕೊನೆಗೆ. "ಎತ್ತಿ ಅಂತ ಹೇಳಿದ್ದು ನಾನಲ್ವೇನಪ್ಪ. ಎಲ್ಲಾ ನಿನ್ನ ತಲೆ ಮೇಲೇ ಹಾಕ್ಕೋಬೇಡ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಆದ್ರೆ ಒಂದು ಮಾತು ಕೇಳು. ಅವ್ರಿಗ್ಯಾರಿಗೂ ಸಿಗದ ವಿನಾಯ್ತಿ ನಿಂಗೆ ಹೆಂಗೆ ಕೊಡ್ಲಿ? ಹಿಂದಿನ ಗಾಜು ಪೂರ್ತಿ ಕೆರಿ. ಅವ್ರಿಗೆಲ್ಲ ಅಂಟಿಸಿದ್ಯಲ್ಲ, ಆ ಕಪ್ಪು ಕಾಗದಾನೂ ಅಂಟಿಸು. ನಾಳಿದ್ದು ಬೆಳಿಗ್ಗೆ ಬರ್ತೀನಿ."

ನ್ಯಾಯವಾದ ಮಾತು. ಮೀನುಗಳನ್ನು ಕೊಳದಪ್ಪಲೆಗೆ ಸಾಗಿಸಿ, ನೀರು ಖಾಲಿ ಮಾಡಿ, ನಾನೂ ನೀಲಾಳೂ ಒಬ್ಬೊಬ್ಬರು ಒಂದೊಂದು ತುದಿಯಿಂದ ಎರಡು ಹಗಲು ಕೂತು ಕೆರೆದೆವು. ನಡುವಿನ ಬೆಸುಗೆಯ ಹತ್ತಿರ ಇಬ್ಬರ ಬ್ಲೇಡೂ ಸೇರಿದಾಗ ಅವಳು, "ಎತ್ತಿ ಅಂದ್ರೆ ನನ್ನ ಮೇಜಿನ ಗಾಜು ವಾಪಸ್ ಕೇಳಂಗಿಲ್ಲ, ಆಯ್ತಾ?" ಅಂದಳು. ನಗಲು ಇಬ್ಬರಿಗೂ ಆಗಲಿಲ್ಲ.

ನಾಳಿದ್ದು ಬಂತು. ಸುದ್ದಿ ಹೇಗೋ ಹರಡಿ ಅಂಗಡಿಯ ತುಂಬ ಜನ. ಬಟ್ಟೆ ಅಂಗಡಿಯ ವಾಗ್ದೇವಿಯೂ ಬಂದು ಮುಂದಿನ ಸಾಲಿನಲ್ಲೇ ನಿಂತಿದ್ದಳು. ಹಿಂಬದಿಯ ಗಾಜು ಹೊಳೆಯುತ್ತಿತ್ತು, ಕಪ್ಪು ಕಾಗದ ಬಿಗಿಯಾಗಿ ಕೂತಿತ್ತು. ನನ್ನ ಕೈಕೆಲಸವನ್ನು ನಾನೇ ಶಪಿಸಿಕೊಂಡೆ. ಮೀನು ಬಿಟ್ಟೆವು. ನೀರಿನ ನೀಲಾಂಬಿಕೆ ಯಥಾಪ್ರಕಾರ ತಳಕ್ಕಿಳಿದು ಮಲಗಿದಳು. ಅಜ್ಜಿ ಕಾಫಿ ಎತ್ತಿದಳು.

ನೀರಿನ ಹಾಲೇಶ ಹಿಂಬದಿಯ ಗಾಜಿನ ಎದುರು ನಿಂತ. ಮುಳ್ಳೆತ್ತಿದ. ಧಡ್ ಎಂದು ಹೊಡೆದ. ಜನ ಸೊರ್ರೆಂದು ಉಸಿರೆಳೆದುಕೊಂಡರು. ಮತ್ತೆ ಹೊಡೆದ, ಮೂತಿಯ ತುದಿ ಕೆಂಪಾಯಿತು. ಮೂರನೆಯ ಸಲಕ್ಕೆ ಹಿಂದೆ ಸರಿಯುತ್ತಿದ್ದಾಗ ತಳದ ಮರಳು ಕದಡಿತು. ನೀರಿನ ನೀಲಾಂಬಿಕೆ ಎದ್ದಿದ್ದಳು.

ಅವಸರವಿಲ್ಲದೆ ಮೇಲೆ ಬಂದು, ಆ ಕಪ್ಪು ಗಾಜಿಗೆ ತನ್ನ ಅಗಲವಾದ ಮೈಯನ್ನು ಒರಗಿಸಿಕೊಂಡು ನಿಂತಳು. ನುಗ್ಗಿ ಬಂದವನು ಅವಳ ಪಕ್ಕೆಗೆ ಬಾಯಿ ಹಾಕಿದ. ಎರಡು ಹುರುಪೆ ಕಿತ್ತು ನೀರಿನಲ್ಲಿ ತೇಲಿದವು. ಅವಳು ಕದಲಲಿಲ್ಲ. ಅವನು ಹಿಂದೆ ಸರಿದು ನೋಡಿದ. ಎದುರಿಗೆ ಈಗ ಅವನಿರಲಿಲ್ಲ, ಅವಳಿದ್ದಳು. ಎಡಕ್ಕೆ ಹೋಗಿ ಗಾಜಿನಲ್ಲಿ ಪುನಃ ತನ್ನನ್ನು ಕಂಡು ಮುಳ್ಳೆತ್ತಿದ. ಅವಳು ಗಾಜಿಗೆ ಮೈ ಸವರಿಕೊಂಡೇ ಎಡಕ್ಕೆ ಬಂದಳು. ಬಲಕ್ಕೆ ಹೋದ, ಅವಳೂ ಬಲಕ್ಕೆ ಬಂದಳು. ಹೀಗೆ ಎಷ್ಟೋ ಹೊತ್ತು. ಕೊನೆಗೆ ಮುಳ್ಳುಗಳು ಒಂದೊಂದಾಗಿ ಮಲಗಿ, ಅವನು ಅವಳ ಪಕ್ಕದಲ್ಲಿ, ಅದೇ ದಿಕ್ಕಿಗೆ ಮುಖಮಾಡಿ, ಸುಮ್ಮನೆ ನಿಂತ.

"ಎದ್ಲು! ಎದ್ಲಲ್ಲ!" ನನ್ನ ಪಕ್ಕದಲ್ಲಿದ್ದ ನೀಲಾ ಎರಡೂ ಕೈಯಲ್ಲಿ ನನ್ನ ತೋಳು ಹಿಡಿದುಕೊಂಡಿದ್ದಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. "ಇಷ್ಟು ವರ್ಷ ಸೋಮಾರಿ ಅಂತ ಬೈದ್ನಲ್ಲೇ ನಿನ್ನ," ಎಂದು ಗಾಜಿನೊಳಗಿನವಳಿಗೆ ಹೇಳಿದಳು.

ಹಿಂದಿನಿಂದ ಯಾರೋ, "ಆದ್ರೂ ಕಚ್ಚಿತಲ್ಲ ಅಜ್ಜಿ!" ಅಂದರು. ಜನ ಅಜ್ಜಿಯ ಕಡೆ ತಿರುಗಿದರು.

"ಕಚ್ತು, ನಂಗೂ ಕಣ್ಣೈತೆ," ಅಂದಳು ದಾನಮ್ಮಜ್ಜಿ. "ಕಚ್ಚಿಸ್ಕೊಂಡೋಳು ಹೋದ್ಲಾ? ಅದನ್ನ ನೋಡು." ಲೋಟದ ತಳದಲ್ಲಿದ್ದದ್ದನ್ನು ಕುಡಿದು ಮುಗಿಸಿ, ಮಣೆಯಿಂದ ಏಳಲು ಅವ್ವನ ಕಡೆ ಕೈ ಚಾಚಿದಳು. "ಆಯ್ತು," ಅಂದಳು.

ವಾಗ್ದೇವಿ ಹೋಗುವ ಮುಂಚೆ ನನ್ನ ಹತ್ತಿರ ಬಂದಳು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ತಡೆದು, "ನಮ್ಮನೆಯವ್ರನ್ನ ನೋಡಿದೀಯಲ್ಲ, ಎಂಥಾ ಬಂಗಾರದ ಮನುಷ್ಯ. ನಿನ್ನ ಹಾಳು ಗಾಜಿಗೆ ನಂದೊಂದು ನಮಸ್ಕಾರ ಕಣಪ್ಪ," ಅಂದಳು. ಎಲ್ಲರೂ ಹಾಗೆ ಅನ್ನಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ಕೆಲವರು ಹಿತ್ತಲಿಗೆ ಬಂದು ತಮ್ಮ ತೊಟ್ಟಿ ಯಾವುದು ಎಂದು ಕೇಳಿ, ಅದರ ಮುಂದೆ ಸ್ವಲ್ಪ ಹೊತ್ತು ನಿಂತು ಹೋದರು. ಒಬ್ಬರು ಬೈದರು. ಇಬ್ಬರು ಬೇರೆ ಬೇರೆ ದಿನ ಬಂದು ಒಂದೇ ತೊಟ್ಟಿಯನ್ನು ಕೇಳಿದರು. ಇಬ್ಬರಿಗೂ ಇನ್ನೂ ಮದುವೆಯಾಗಿರಲಿಲ್ಲ. ಆ ತೊಟ್ಟಿಯನ್ನು ನೀಲಾ ಹೊಸ ಅಂಟು ಹಾಕಿ ರಿಪೇರಿ ಮಾಡಿಕೊಟ್ಟಳು, ನಾನು ಹಿಂದಿನ ಗಾಜಿಗೆ ಸುಣ್ಣ ಬಳಿದುಕೊಟ್ಟೆ. ಈಗ ನಾನು ಮಾಡುವ ತೊಟ್ಟಿಗಳೆಲ್ಲ ಅಪ್ಪನ ತೊಟ್ಟಿಗಳ ಹಾಗೆ ಮಸುಕು. ನೋಡಲು ಏನೂ ಚಂದವಿಲ್ಲ.

ಕುರೂಪಿ ಐದಡಿ ಈಗಲೂ ಅಂಗಡಿಯಲ್ಲಿದೆ, ಇಬ್ಬರೂ ಅದರಲ್ಲೇ ಇದ್ದಾರೆ. ಮರುದಿನವೇ ಕಪ್ಪು ಕಾಗದ ಕಿತ್ತು ಒಲೆಗೆ ಹಾಕಿದೆ. ನೀರಿನ ನೀಲಾಂಬಿಕೆಯ ಪಕ್ಕೆಯಲ್ಲಿ ಎರಡು ಹುರುಪೆ ಇಲ್ಲದ ಜಾಗ ಹಾಗೆಯೇ ಉಳಿದಿದೆ.

ನನ್ನ ಚಟ ಪೂರ್ತಿ ಬಿಟ್ಟಿಲ್ಲ. ಬೆಳಿಗ್ಗೆ ಗಡ್ಡ ಕೆರೆಯುವಾಗ ಆ ಇಪ್ಪತ್ತಮೂರರಲ್ಲಿ ಯಾವುದೋ ಒಂದು ನೆನಪಾಗುತ್ತದೆ, ಎದುರಿನವನ ಮೇಲೆ ರೇಗುತ್ತೇನೆ, ಅವನೂ ರೇಗುತ್ತಾನೆ, ಧ್ವನಿ ಏರುತ್ತದೆ. ಆಗ ಒಳಗಿನಿಂದ ನೀಲಾ ಬರುತ್ತಾಳೆ. ಏನೂ ಕೇಳುವುದಿಲ್ಲ. ನನಗೂ ಕನ್ನಡಿಗೂ ನಡುವೆ ಬಂದು ನಿಂತು, ಜಡೆ ಬಿಚ್ಚಿ, ನಿಧಾನವಾಗಿ ಬಾಚಿಕೊಳ್ಳತೊಡಗುತ್ತಾಳೆ. "ಸ್ವಲ್ಪ ಆಚೆ ಸರಿ ಮಾರಾಯ್ತಿ, ನಂಗೇನೂ ಕಾಣಲ್ಲ," ಅನ್ನುತ್ತೇನೆ. "ಕಾಣ್ದೇ ಇರ್ಲಿ ಅಂತಾನೇ ನಿಂತಿರೋದು," ಅನ್ನುತ್ತಾಳೆ. ಅರ್ಧ ಗಡ್ಡದಲ್ಲೇ ಅಂಗಡಿ ತೆರೆದ ದಿನಗಳು ಎಷ್ಟೋ ಇವೆ.